ಮಗ್ಗದ ಗುಂಡಿ ಮತ್ತು ಹಿಂದುಮುಂದಿನ ಟಾಕಿ

ಕಾಂಚನಾಳಿಗೆ ಈ ಜಗತ್ತಿನ ಮೇಲೆ ಇದ್ದ ದೂರು ಒಂದೇ: ಅದು ಆಕೆಯನ್ನು ಮಾತಾಡಿಸುತ್ತಿತ್ತು.

ತನ್ನ ಪಾಡಿಗೆ ತಾನು ಹೋಗುತ್ತಿದ್ದವಳನ್ನು ತಡೆದು "ಊಟ ಆತೇನವಾ?" ಎಂದು ಕೇಳುವವರು ಬೆಟಗೇರಿಯ ಆ ಓಣಿಯಲ್ಲಿ ಕಟ್ಟೆಗೊಬ್ಬರಿದ್ದರು. ಆತು ಎಂದರೆ ಏನು ಪಲ್ಯ ಎನ್ನುತ್ತಿದ್ದರು. ಬದನೆಕಾಯಿ ಎಂದರೆ ಎಣ್ಣೆಗಾಯಿಯೋ ಬರೀ ಪಲ್ಯವೋ ಎನ್ನುತ್ತಿದ್ದರು. ಒಂದು ಬದನೆಕಾಯಿಯ ದೆಸೆಯಿಂದ ಅರ್ಧ ಗಂಟೆ ವಿಚಾರಣೆ ನಡೆಯುವುದನ್ನು ತಾಳಲಾರದೆ ಆಕೆ ಹಿತ್ತಲ ಬಾಗಿಲನ್ನೇ ತನ್ನ ರಾಜಮಾರ್ಗ ಮಾಡಿಕೊಂಡಿದ್ದಳು.

ಕಾಲೇಜು ಬಿಟ್ಟದ್ದೂ ಹೆಚ್ಚುಕಡಿಮೆ ಇದೇ ಕಾರಣಕ್ಕೆ. ಪಿಯುಸಿ ಮೊದಲ ವರ್ಷದ ಪರೀಕ್ಷೆಯಲ್ಲಿ ಮೂರು ಗಂಟೆಯಲ್ಲಿ ಮೂರು ಉತ್ತರ ಬರೆದಿದ್ದಳು. ಮೂರಕ್ಕೂ ಪೂರ್ತಿ ಅಂಕ. ಉಳಿದ ಪ್ರಶ್ನೆಗಳನ್ನು ಮುಟ್ಟಿರಲಿಲ್ಲ, ಏಕೆಂದರೆ ಮೊದಲ ಮೂರನ್ನು ತಿರುಗಿ ಓದಿ, ಅಡ್ಡಗೆರೆ ಎಳೆದು, ಗೆರೆ ಸೊಟ್ಟಾಯಿತೆಂದು ಮತ್ತೊಂದು ಎಳೆಯುವಷ್ಟರಲ್ಲಿ ಗಂಟೆ ಹೊಡೆದಿತ್ತು. "ಯಾಕ ಬರೀಲಿಲ್ಲ?" ಎಂದು ಮಾಸ್ತರರು ಎಲ್ಲರೆದುರು ನಿಲ್ಲಿಸಿ ಕೇಳಿದರು. ಆ ಪ್ರಶ್ನೆಗೂ ಆಕೆ ಉತ್ತರ ಬರೆದುಕೊಡಲು ಸಿದ್ಧಳಿದ್ದಳು. ಬಾಯಲ್ಲಿ ಹೇಳು ಎಂದರು. ಮರುದಿನದಿಂದ ಹೋಗಲಿಲ್ಲ.

ಈಗ ಹದಿನೆಂಟು ತುಂಬಿತ್ತು. ಅವ್ವ ಶಾರದವ್ವನಿಗೆ ಮಗಳ ಭವಿಷ್ಯದ ಚಿಂತೆ ದಿನಕ್ಕೆ ಎರಡು ಸಲ, ಚಹಾದ ಜೊತೆಗೆ ಬರುತ್ತಿತ್ತು. ಅಂಥ ಒಂದು ಚಹಾದ ಹೊತ್ತಿಗೆ ಸರಿಯಾಗಿ ಶಾರದವ್ವನ ಅಣ್ಣ ತಿರಕಪ್ಪ ಬಂದ. ಲಕ್ಷ್ಮೇಶ್ವರದ ಪೇಟೆಯಲ್ಲಿ ಅವನದು ಸೀರೆ ಅಂಗಡಿ.

"ಹುಡುಗೀನ ನನ್ನ ಅಂಗಡಿಗೆ ಕಳಸು, ಶಾರದಾ. ಬಾಗಲಾಗ ನಿಂತು ಗಿರಾಕಿ ಕರೀಬೇಕು, ಅಷ್ಟ. ಕೆಲಸೇನು ಕಲ್ಲು ಒಡಿಯೂದಲ್ಲ" ಎಂದು ತಿರಕಪ್ಪ ಅಲ್ಲೇ ಎದ್ದು ನಿಂತು, ಕೈ ಬೀಸಿ, ಪಡಸಾಲೆ ನಡುಗುವಂತೆ ತೋರಿಸಿಕೊಟ್ಟ: "ಬರ್ರಿ ಅಕ್ಕಾರ, ಒಳಗ ಬರ್ರಿ, ಕುಂಡ್ರಿ, ನೋಡಾಕೇನ್ ರೊಕ್ಕ ಬೀಳೂದಿಲ್ರೀ!"

ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ನಿಜಕ್ಕೂ ಒಳಗೆ ಬಂದುಬಿಟ್ಟರು. ಅವರಿಗೆ ಚಹಾ ಕೊಟ್ಟು ಕಳಿಸಬೇಕಾಯಿತು.

ಕಾಂಚನಾ ಅಡಿಗೆಮನೆಯ ಕದದ ಹಿಂದೆ ಕಲ್ಲಾಗಿದ್ದಳು. ಬೆಳಗಿನಿಂದ ಸಂಜೆಯವರೆಗೆ, ಬಾಗಿಲಲ್ಲಿ, ನಿಂತು, ಕೂಗಿ! ಗುಂಡಿ ತೋಡಿ ಅದರೊಳಗೆ ಇಳಿದುಬಿಡೋಣ ಎನಿಸಿತು. ಗುಂಡಿ ತೋಡುವ ಅಗತ್ಯವಿರಲಿಲ್ಲ. ಮನೆಯೊಳಗೇ ಒಂದು ತಯಾರಿತ್ತು.

ಅಪ್ಪ ವಿರೂಪಾಕ್ಷಪ್ಪನ ಮನೆಯಲ್ಲಿ ಎರಡು ಕುಣಿಮಗ್ಗ. ನೆಲದಲ್ಲಿ ಸೊಂಟದಾಳದ ಗುಂಡಿ, ಅದರಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯುವುದು. ಒಂದರಲ್ಲಿ ಅಪ್ಪ ಇನ್ನೂ ನೇಯುತ್ತಿದ್ದ. ಇನ್ನೊಂದರ ಮಗ್ಗ ಬಿಚ್ಚಿ ಎರಡು ವರ್ಷವಾಗಿ, ಖಾಲಿ ಗುಂಡಿ ಉಳಿದಿತ್ತು. ಆ ಗುಂಡಿಯ ಮೇಲೆ ಎರಡು ಹಲಗೆ ಹಾಕಿ, ಹಲಗೆಯ ಮೇಲೆ ಚಿಕ್ಕಪ್ಪ ಬಾಬಣ್ಣ ಬಿಟ್ಟುಹೋದ ಹಳೇ ಮೋಟರ್‌ಸೈಕಲ್ ನಿಲ್ಲಿಸಿ, ಕಾಂಚನಾ ಕೆಳಗೆ ಇಳಿದು ಕೂತಿದ್ದು ಯುಗಾದಿಯ ಮರುದಿನ. ಗ್ಯಾರೇಜಿನವರು ಖರ್ಚು ಮಾಡಿ ಕಟ್ಟಿಸುವ ಗುಂಡಿ ಆಕೆಗೆ ಪಿತ್ರಾರ್ಜಿತವಾಗಿ ಬಂದಿತ್ತು. ಮೇಲೆ ಇಂಜಿನ್ನು, ಸುತ್ತ ತಂಪು ಮಣ್ಣು, ಮಾತಾಡಿಸುವವರಿಗೆ ಕಾಣುವುದು ತಲೆಯ ಬೈತಲೆ ಮಾತ್ರ. ಸ್ವರ್ಗ ಮೇಲಿದೆ ಎನ್ನುವವರು ಕುಣಿಮಗ್ಗ ನೋಡಿರಲಿಕ್ಕಿಲ್ಲ.

ಮೂರು ತಿಂಗಳಲ್ಲಿ ಇಂಜಿನ್ನು ಬಿಚ್ಚಿ, ತೊಳೆದು, ಪ್ರತಿ ಬೋಲ್ಟಿಗೂ ಚೀಟಿ ಕಟ್ಟಿ, ತಿರುಗಿ ಕೂಡಿಸಿದ್ದಳು. ಚೌಕಟ್ಟನ್ನು ಗಿಡ್ಡ ಮಾಡಿಸಿದ್ದಳು, ಹ್ಯಾಂಡಲ್ ಬಗ್ಗಿಸಿದ್ದಳು, ಸೀಟನ್ನು ಮಗ್ಗದ ಹಳೇ ಚರ್ಮದ ಪಟ್ಟಿಗಳಿಂದ ಹೆಣೆದಿದ್ದಳು. ಉಳಿದದ್ದು ಪೆಟ್ರೋಲ್ ಟಾಕಿ ಒಂದೇ. ಹಳೆಯದು ತುಕ್ಕು ತಿಂದು ಜರಡಿಯಾಗಿತ್ತು. (ಅಜ್ಜಿ ಚೌಡವ್ವ ಅದರಲ್ಲಿ ಒಂದು ಸಲ ರವಾ ಸಾಣಿಸಲು ನೋಡಿದ್ದೂ ಉಂಟು.)

"ಗುಜರಿಯಾಗ ಒಂದು ಟಾಕಿ ತಂದು ಕುಂಡ್ರಸು, ಮುಗೀತು" ಎಂದ ಅಪ್ಪ.

"ಇಲ್ಲ. ಟಾಕಿ ನಾನ ಮಾಡತೇನಿ" ಎಂದಿತು ಗುಂಡಿ.

"ಟಾಕಿ ಅಂದ್ರ ಉಪ್ಪಿಟ್ಟು ಅಂತ ತಿಳದಿಯೇನು?"

"ಉಪ್ಪಿಟ್ಟು ಮಾಡಾಕ ನನಗ ಬರೂದಿಲ್ಲ. ಟಾಕಿ ಮಾಡತೇನಿ."

ವಿರೂಪಾಕ್ಷಪ್ಪ ಲಾಳಿ ಕೆಳಗಿಟ್ಟ. ಒಂದು ಕಡೆ ಹೆಂಡತಿಯ ಅಣ್ಣ, ಇನ್ನೊಂದು ಕಡೆ ಮಗಳು. ನಡುವೆ ಸಿಕ್ಕ ಮನುಷ್ಯ ಮಾಡುವಂತೆ ಒಂದು ಕರಾರು ಮಾಡಿದ. "ಶ್ರಾವಣದ ಮೊದಲನೇ ಸೋಮವಾರ ನಾ ನಿಮ್ಮ ಮಾವನ ಅಂಗಡಿಗೆ ಸೀರಿ ಮುಟ್ಟಸಬೇಕು. ನಿನ್ನ ಗಾಡಿ ಮ್ಯಾಲೆ ಹಿಂದ ಕುಂಡ್ರತೇನಿ. ಇಲ್ಲಿಂದ ಲಕ್ಷ್ಮೇಶ್ವರಕ್ಕ ಹೋಗಿ ಮತ್ತ ಈ ಹೊಚ್ಚಲಕ್ಕ ಬರೂತನಕ ನನ್ನ ಕಾಲು ನೆಲಕ್ಕ ತಾಗಬಾರದು. ತಾಗಲಿಲ್ಲ ಅಂದ್ರ ಗುಂಡಿ ನಿಂದು. ತಾಗಿತು ಅಂದ್ರ ಗುಂಡಿ ಮುಚ್ಚಿ ಗಿಲಾವ್ ಮಾಡಸ್ತೇನಿ, ನೀ ಮಾವನ ಬಾಗಲಾಗ ನಿಂದರಬೇಕು."

ಗಾಡಿ ಕೆಟ್ಟು ನಿಲ್ಲಬಾರದು ಎನ್ನುವುದನ್ನು ವಿರೂಪಾಕ್ಷಪ್ಪ ತುಸು ಅಲಂಕಾರ ಮಾಡಿ ಹೇಳಿದ್ದ. ಮಗಳು ಆ ಮಾತನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡು, ಕೆಳಗೆ ಎರಡು ಗೆರೆ ಎಳೆದು, ಅಪ್ಪನ ಸಹಿ ಹಾಕಿಸಿಕೊಂಡಳು.

ಟಾಕಿಯ ಮಹಾಕಾರ್ಯ ಆರಂಭವಾಯಿತು. ಕಾಂಚನಾ ಗುಂಡಿಯಲ್ಲಿ ಕೂತು, ಖಾಕಿ ಕಾಗದವನ್ನು ಮೇಲಿನ ಚೌಕಟ್ಟಿಗೆ ಒತ್ತಿ ಹಿಡಿದು, ಪೆನ್ಸಿಲ್ಲಿನಿಂದ ತಳದ ಅಳತೆ ಗುರುತು ಹಾಕಿದಳು. ಚೌಕಟ್ಟು ಇಲ್ಲಿ, ಬೋಲ್ಟಿನ ಕಿವಿ ಇಲ್ಲಿ, ಪೆಟ್ರೋಲ್ ಇಳಿಯುವ ನಳ ಇಲ್ಲಿ, ಎಡಕ್ಕೆ. ಮೂರು ಸಲ ಅಳೆದಳು. ನಾಲ್ಕನೇ ಸಲ ಅಳೆಯಬೇಕೆನಿಸಿತು, ಅಳೆದಳು. ಕಾಗದವನ್ನು ತಗಡಿಗೆ ಅಂಟಿಸಿ ಕತ್ತರಿಸಿದಳು. ಹಳೇ ಸೀರೆಯ ಚೀಲದಲ್ಲಿ ಹಳ್ಳದ ಉಸುಕು ತುಂಬಿ, ಅದರ ಮೇಲೆ ತಗಡಿಟ್ಟು, ಹುಣಸೆ ಕಟ್ಟಿಗೆಯ ಕೊಡತಿಯಿಂದ ಬಡಿಯತೊಡಗಿದಳು.

ಟಪ್. ಟಪ್. ಟಪ್. ಪಕ್ಕದ ಗುಂಡಿಯಿಂದ ಅಪ್ಪನ ಮಗ್ಗ ಲಟಕ್ ಪಟಕ್. ಎರಡರ ನಡುವೆ ಶಾರದವ್ವ ತಲೆಗೆ ಬಟ್ಟೆ ಬಿಗಿದು ರೊಟ್ಟಿ ಬಡಿಯುತ್ತಿದ್ದಳು. "ಈ ಮನ್ಯಾಗ ಬಡೀದ ಇರೋದು ಅಂದ್ರ ನನ್ನ ಹಣೆ ಒಂದ ಉಳದೈತಿ!"

ಚೌಡವ್ವ ಮಾತ್ರ ಮೊಮ್ಮಗಳ ಪಕ್ಷ. ಗುಂಡಿಯ ಅಂಚಿಗೆ ಕೂತು ಎಲೆ ಮಡಚುತ್ತ ತಗಡಿನ ಉಬ್ಬನ್ನು ಸವರಿ ನೋಡುತ್ತಿದ್ದಳು. "ಇಲ್ಲೆ ಒಂದು ಗಂಟು ಐತಿ ನೋಡ, ಕಾಂಚೀ." ಐವತ್ತು ವರ್ಷ ಮಗ್ಗದ ಹಾಸಿನಲ್ಲಿ ಎಳೆ ಹುಡುಕಿದ ಬೆರಳು. ಗಂಟು ಇದ್ದೇ ಇರುತ್ತಿತ್ತು.

ಇಪ್ಪತ್ತೆರಡು ದಿನಕ್ಕೆ ಟಾಕಿ ತುಂಬು ಕುಂಬಳದ ಹಾಗೆ ಉಬ್ಬಿ ನಿಂತಿತು. ಮುಂದೆ ಅಗಲ ಹೆಗಲು, ಹಿಂದೆ ಸಣ್ಣ ನಡು. ಟ್ರಂಕು ಮಾಡುವ ಇಸ್ಮಾಯಿಲಸಾಬರು ಗ್ಯಾಸ್ ಹಚ್ಚಿ ಅಂಚುಗಳನ್ನು ಬೆಸೆದರು. ನೀರು ತುಂಬಿ ಇಡೀ ಹಗಲು ಒಣ ನೆಲದ ಮೇಲೆ ಇಟ್ಟರು. ಒಂದು ಹನಿ ಸೋರಲಿಲ್ಲ. "ನಲವತ್ತು ವರ್ಷದಾಗ ಇಂಥಾ ಅಂಚು ನೋಡಿಲ್ಲ, ಬೇಟಿ" ಎಂದು ಸಾಬರು ಹೇಳಿದಾಗ ಕಾಂಚನಾಳ ಕಿವಿ ಕೆಂಪಾಯಿತು. ಭಾನುವಾರ ಮಧ್ಯಾಹ್ನ ಇಬ್ಬರೂ ಸೇರಿ ಟಾಕಿಯನ್ನು ಗಾಡಿಯ ಮೇಲೆ ಪ್ರತಿಷ್ಠಾಪಿಸಿದರು.

ಸಾಬರು ಕನ್ನಡಕ ಮೇಲೇರಿಸಿದರು. ಇಳಿಸಿದರು. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಬೇಟೀ, ನಳ ಬಲಕ್ಕ ಬಂದೈತಿ."

"ಇಲ್ಲ ಚಾಚಾ, ಎಡಕ್ಕ ಹಾಕೀನಿ."

"ಹಾಕಿದ್ದಿ ಎಡಕ್ಕ. ಬಂದೈತಿ ಬಲಕ್ಕ. ಕೆಳಗ ನೋಡು, ಸೈಲೆನ್ಸರ್. ಒಂದು ಹನಿ ಪೆಟ್ರೋಲ್ ಅದರ ಮ್ಯಾಲೆ ಬಿತ್ತಂದ್ರ ದೀಪಾವಳಿಗೆ ಕಾಯೂದು ಬ್ಯಾಡ."

ಕಾಂಚನಾ ಗುಂಡಿಗಿಳಿದು ನೋಡಿದಳು. ಮೇಲೆ ಬಂದು ನೋಡಿದಳು. ಕಾಗದ ನೋಡಿದಳು. ಆಗ ಅಪ್ಪನ ಮಗ್ಗದ ಕೆಳಗಿದ್ದ ಕನ್ನಡಿಯ ಚೂರು ಕಣ್ಣಿಗೆ ಬಿತ್ತು, ತಪ್ಪು ತಿಳಿಯಿತು.

ಅವರ ಮನೆಯ ಮಗ್ಗದಲ್ಲಿ ಸೀರೆ ಅಂಗಾತ ಬರುವುದಿಲ್ಲ, ಬೋರಲಾಗಿ ಬರುತ್ತದೆ. ನೇಯುವವರ ಕಣ್ಣಿಗೆ ಕಾಣುವುದು ಒಳಮೈ. ಹೂವು ಬಳ್ಳಿ ಎಲ್ಲ ಹೊರಮೈಯಲ್ಲಿ, ಅಂದರೆ ಕೆಳಗೆ. ಅದು ಸರಿ ಬರುತ್ತಿದೆಯೇ ಎಂದು ನೋಡಲು ಕೆಳಗೊಂದು ಕನ್ನಡಿ ಇಟ್ಟುಕೊಳ್ಳುತ್ತಾರೆ. ತೊಟ್ಟಿಲಲ್ಲಿದ್ದಾಗಿನಿಂದ ಇದನ್ನೇ ನೋಡಿ ಬೆಳೆದ ಹುಡುಗಿ, ಕಾಗದದ ಮೇಲೆ ಗುರುತು ಹಾಕಿದ ಮೈ ಕಣ್ಣೆದುರು ಇತ್ತಲ್ಲ, ಅದೇ ಒಳಮೈ ಎಂದುಕೊಂಡು ಟಾಕಿಯ ಒಳಗೆ ಮಾಡಿ ಬೆಸೆಸಿದ್ದಳು. ಎಡ ಬಲವಾಗಿತ್ತು. ಮೋಟರ್‌ಸೈಕಲ್ಲಿಗೆ ಇದು ಗೊತ್ತಿರಲಿಲ್ಲ. ನಾಲ್ಕು ಸಲ ಅಳೆದದ್ದರಿಂದ ತಪ್ಪು ಕೂದಲೆಳೆಯಷ್ಟೂ ಆಚೀಚೆ ಆಗದೆ, ಅತ್ಯಂತ ಕರಾರುವಾಕ್ಕಾಗಿ ಆಗಿತ್ತು.

"ಚಿಂತಿಲ್ಲ" ಎಂದರು ಸಾಬರು. "ಈ ತೂತು ಮುಚ್ಚಿ ತ್ಯಾಪಿ ಹಾಕೂಣು. ಆ ಕಡೆ ಹೊಸಾ ತೂತು ಕೊರಿಯೂಣು."

"ತ್ಯಾಪಿ?" ಕಾಂಚನಾಳ ಧ್ವನಿ ಎಂದಿಗಿಂತ ಅರ್ಧ ಗೇಣು ಮೇಲಿತ್ತು. ರಫೂ ಹಾಕಿದ ಸೀರೆಯನ್ನು ಆ ಮನೆಯವರು ಮಾರುವುದಿಲ್ಲ, ಉಡುವುದೂ ಇಲ್ಲ. ತೊಟ್ಟಿಲಿಗೆ ಕಟ್ಟುತ್ತಾರೆ. "ನನ್ನ ಟಾಕಿಗೆ ತ್ಯಾಪಿ ಹಚ್ಚೂದಿಲ್ಲ, ಚಾಚಾ."

"ಮತ್ತ? ನಾಳೆ ಸೋಮವಾರ!"

ಆಕೆ ಟಾಕಿಯನ್ನು ಎರಡೂ ಕೈಯಿಂದ ಎತ್ತಿ, ಮೂತಿ ಹಿಂದಕ್ಕೆ ತಿರುಗಿಸಿ ಕೂಡಿಸಿದಳು. ನಳ ಎಡಕ್ಕೆ ಬಂತು. (ಮುಂಗಡೆ ಬಂತು, ಅದು ಬೇರೆ ಮಾತು. ಉದ್ದನೆಯ ರಬ್ಬರ್ ಕೊಳವೆ ಹಾಕಿದರಾಯಿತು.) ಬೋಲ್ಟಿನ ಕಿವಿಗಳನ್ನು ಎರಡೂ ತುದಿಗೆ ಒಂದೇ ಅಳತೆಯಲ್ಲಿ ಮಾಡಿದ್ದರಿಂದ ಅವೂ ತೆಪ್ಪಗೆ ಕೂತವು. ಈಗ ಟಾಕಿಯ ಸಣ್ಣ ನಡು ಹ್ಯಾಂಡಲ್ಲಿನ ಕಡೆಗೆ, ಅಗಲ ಹೆಗಲು ಓಡಿಸುವವಳ ಹೊಟ್ಟೆಯ ಕಡೆಗೆ. ಗಾಡಿ ಎತ್ತ ಹೋಗುತ್ತದೆಂದು ನೋಡುವವರು ಹೇಳಬೇಕಾದರೆ ದೀಪ ಎಲ್ಲಿದೆ ಎಂದು ಹುಡುಕಬೇಕು.

ಸಾಬರು ಕನ್ನಡಕ ಒರೆಸಿಕೊಂಡು, "ಖರೆ ಹೇಳಲಿ? ಕತ್ತೆ ಮ್ಯಾಲೆ ಉಲ್ಟಾ ಕುಂತಂಗ ಕಾಣತೈತಿ" ಎಂದರು.

"ಕಾಣಲಿ. ಇದು ಹಿಂಗ ಇರೋದು."

ಸೋಮವಾರ ಬೆಳಗ್ಗೆ ಚೌಡವ್ವ ಗಾಡಿಗೆ ಕುಂಕುಮ ಹಚ್ಚಿ ಕಾಯಿ ಒಡೆದಳು. ಯಾವುದು ಮುಂದು ಎಂದು ತಿಳಿಯದೆ ಎರಡೂ ಕಡೆಗೆ ಹಚ್ಚಿದಳು. ಕಾಂಚನಾ ಹೆಲ್ಮೆಟ್ ಹಾಕಿಕೊಂಡು, ಲೈಸೆನ್ಸನ್ನು ಮೂರು ಸಲ ಮುಟ್ಟಿ ನೋಡಿ, ಅಳೆದು ಅರ್ಧ ಟಾಕಿ ಪೆಟ್ರೋಲ್ ಹೊಯ್ದು ಏರಿದಳು. ಹಿಂದೆ ವಿರೂಪಾಕ್ಷಪ್ಪ, ತಲೆಗೊಂದು ಹೆಲ್ಮೆಟ್ಟು, ತೊಡೆಯ ಮೇಲೆ ಹದಿನಾರು ಸೀರೆಯ ಗಂಟು. ಕಿಕ್ ಒದ್ದ ಕೂಡಲೆ ಇಂಜಿನ್ನು ಗುಡುಗಿತು. ಓಣಿಯ ಕಟ್ಟೆಗಳೆಲ್ಲ ಎದ್ದು ನಿಂತವು. ಮೊದಲ ಬಾರಿಗೆ ಯಾರೂ ಪಲ್ಯದ ವಿಷಯ ಕೇಳಲಿಲ್ಲ.

ಮುಳಗುಂದದವರೆಗೆ ರಾಜಯೋಗ. ಎರಡೂ ಕಡೆ ಹೆಸರು ಹೊಲ, ತಂಪು ಗಾಳಿ. ಅದು ದಾಟಿ ಒಂದು ಏರು ಬಂತು. ಅರ್ಧ ಏರಿಗೆ ಗಾಡಿ ಕೆಮ್ಮಿತು, ಸೀನಿತು, ನಿಂತಿತು.

ಕಾಂಚನಾಳಿಗೆ ತಿಳಿಯಲು ಕ್ಷಣ ಹಿಡಿಯಲಿಲ್ಲ. ನಳ ಮುಂದಿದೆ. ಏರಿನಲ್ಲಿ ಮೂತಿ ಮೇಲೆ. ಪೆಟ್ರೋಲೆಲ್ಲ ಹಿಂದಕ್ಕೆ ಸರಿದು ಆಕೆಯ ಹೊಟ್ಟೆಯ ಹತ್ತಿರ ಗುಳುಗುಳು ಎನ್ನುತ್ತಿತ್ತು.

"ಆತು. ಇಳೀತೇನಿ" ಎಂದ ವಿರೂಪಾಕ್ಷಪ್ಪ, ಅರ್ಧ ದುಃಖ ಅರ್ಧ ಗೆಲುವಿನಿಂದ.

"ಕಾಲು ಎತ್ತು!"

ಆ ಕೂಗಿಗೆ ಅಪ್ಪನ ಕಾಲು ತಾನಾಗಿ ಮೇಲೆ ಹೋಯಿತು. ಮಗಳು ಇಷ್ಟು ಜೋರು ಮಾತಾಡಿದ್ದನ್ನು ಹುಟ್ಟಿದಾಗ ಒಮ್ಮೆ ಕೇಳಿದ್ದ.

"ಹಂಗ ಕುಂಡ್ರು, ಅಪ್ಪಾ. ಕರಾರಿನಾಗ ನಿನ್ನ ಕಾಲಿನ ಮಾತ ಐತಿ, ನನ್ನ ಕಾಲಿಂದು ಇಲ್ಲ" ಎಂದು ಕಾಂಚನಾ ತಾನು ಇಳಿದು, ಹ್ಯಾಂಡಲ್ ಹಿಡಿದು, ಅಪ್ಪ, ಸೀರೆ, ಗಾಡಿ ಮೂರನ್ನೂ ಏರಿನ ಮೇಲೆ ನೂಕತೊಡಗಿದಳು. ಪಕ್ಕದ ಹೊಲದಲ್ಲಿ ಎಡೆಕುಂಟೆ ಹೊಡೆಯುತ್ತಿದ್ದ ರೈತನೊಬ್ಬ ಎತ್ತು ನಿಲ್ಲಿಸಿ ನೋಡಿದ.

"ಏನ್ರಿ ಯಜಮಾನ್ರ, ಕಾಲಿಗೇನಾಗೇತಿ?"

"ಏನೂ ಆಗಿಲ್ಲಪಾ" ಎಂದ ವಿರೂಪಾಕ್ಷಪ್ಪ, ಮದುಮಗನ ಭಂಗಿಯಲ್ಲಿ, ತಲೆ ತಗ್ಗಿಸಿ.

"ಕಾಲು ನೆಟ್ಟಗ ಇದ್ದು ಹೆಣ್ಣಮಗಳ ಕಡೆ ನೂಕಸಾಕ್ಹತ್ತೀರೇನು? ನಾಚಿಕಿ ಬರಬೇಕ್ರಿ!"

ಏರು ಮುಗಿಯುವವರೆಗೆ ವಿರೂಪಾಕ್ಷಪ್ಪ ತಲೆ ಎತ್ತಲಿಲ್ಲ. ಕಾಲನ್ನೂ ಇಳಿಸಲಿಲ್ಲ. ಸಹಿ ಹಾಕಿದ ಮನುಷ್ಯ. ಇಳಿಜಾರಿಗೆ ಬಂದ ಕೂಡಲೆ ಗಾಡಿ ಏನೂ ಆಗದಂತೆ ಹೊತ್ತಿಕೊಂಡು ಓಡಿತು.

ಲಕ್ಷ್ಮೇಶ್ವರದ ಪೇಟೆಯಲ್ಲಿ, ತಿರಕಪ್ಪನ ಅಂಗಡಿಯ ಮುಂದೆ ಹೊಸ ತಂಟೆ ಶುರುವಾಯಿತು. ತಂಗಿಯ ಗಂಡ ಬಂದಿದ್ದಾನೆ, ಗಾಡಿಯಿಂದ ಇಳಿಯುತ್ತಿಲ್ಲ. "ಯಾಕ ಮಾವಾ, ಸಿಟ್ಟೇನು?" ಎಂದು ತಿರಕಪ್ಪ ಗಾಬರಿಯಾದ. ಇಲ್ಲ ಎಂದ ವಿರೂಪಾಕ್ಷಪ್ಪ. ಸೀರೆಯ ಗಂಟನ್ನು ಕೂತಲ್ಲಿಂದಲೇ ಕೊಟ್ಟ. ಚಹಾ ಕೂತಲ್ಲಿಗೇ ಬಂತು. ಸಿಟ್ಟಿಲ್ಲವೆಂದು ತೋರಿಸಲು ಎರಡನೇ ಚಹಾ ಕುಡಿದ. ಪೇಟೆಯ ನಡುವೆ ಒಬ್ಬ ಹಿರಿಯ ಮನುಷ್ಯ ಕಾಲು ಎತ್ತಿಕೊಂಡು ಮೋಟರ್‌ಸೈಕಲ್ ಮೇಲೆ ಚಹಾ ಕುಡಿಯುತ್ತಿದ್ದರೆ ಜನ ಸೇರದೆ ಇರುತ್ತಾರೆಯೇ? ಮೊದಲು ಅಪ್ಪನನ್ನು ನೋಡಿದರು. ಆಮೇಲೆ ಟಾಕಿಯನ್ನು.

ಬೆಳ್ಳಟ್ಟಿಯ ಕೊಟ್ರೇಶ ಎನ್ನುವ ತರುಣ, ಹೊಳೆಯುವ ಗಾಡಿಯವನು, ಬಗ್ಗಿ ನೋಡಿ ಹೋ ಎಂದು ನಕ್ಕ. "ಲೇ, ಟಾಕಿ ಉಲ್ಟಾ ಕುಂತೈತಲೇ! ಯಾವ ಶಾಣ್ಯಾ ಮಾಡಿದನೋ!"

ಕಾಂಚನಾ ಹೆಲ್ಮೆಟ್ಟಿನೊಳಗೆ ಇದ್ದಳು. ಗುಂಡಿಯ ಹಾಗೆ ಅಲ್ಲೂ ಕತ್ತಲೆ, ತಂಪು, ಭದ್ರ. ಅಲ್ಲೇ ಇರಬಹುದಿತ್ತು. ಆದರೆ ಇಪ್ಪತ್ತೆರಡು ದಿನದ ಟಪ್ ಟಪ್ ಕಿವಿಯಲ್ಲಿ ಒಟ್ಟಿಗೆ ಬಡಿಯಿತು. ಹೆಲ್ಮೆಟ್ ತೆಗೆದಳು.

"ಶಾಣ್ಯಾ ಅಲ್ಲ, ಶಾಣ್ಯಾಕಿ! ನಾ ಮಾಡೀನಿ! ಉಲ್ಟಾ ಅಂತಿ, ಉಲ್ಟಾ ಇರೋದು ನಿಂದು! ಗಾಳಿ ಎಲ್ಲಿಂದ ಬರತೈತಿ? ಮುಂದಿಂದ. ಮುಂದ ಸಣ್ಣ ಇದ್ರ ಗಾಳಿ ಸೀಳತೈತೋ, ದಪ್ಪ ಇದ್ರ ಸೀಳತೈತೋ? ಮೀನಾ ನೋಡೀಯಿಲ್ಲೋ? ದೋಣಿ ನೋಡೀಯಿಲ್ಲೋ? ಪೆಟ್ರೋಲ್ ಹಾಕಸಾಕ ಹಿಂದ ಕುಂತಾವ್ರು ಇಳಿಯೂದು ಬ್ಯಾಡ. ಮುಚ್ಚಳ ಇಲ್ಲೇ ಐತಿ, ಕೈಯಾಗ! ಒಂದ ಒಂದು ತ್ಯಾಪಿ ತೋರಸು ನೋಡೂಣು ಇದರಾಗ! ಮುಟ್ಟಿ ನೋಡು! ಮುಟ್ಟಬರ್ರಿ ಎಲ್ಲಾರೂ!"

ಮೀನಿನ ಮಾತು, ದೋಣಿಯ ಮಾತು ಎಲ್ಲಿಂದ ಬಂದವೋ ಆಕೆಗೇ ತಿಳಿಯಲಿಲ್ಲ. ಏರಿನ ಸಂಗತಿಯನ್ನು ಮಾತ್ರ ಹೇಳಲಿಲ್ಲ. ಜನ ಸಾಲುಗಟ್ಟಿ ಟಾಕಿ ಸವರಿದರು. ಯಾರ ಬೆರಳಿಗೂ ಒಂದು ಗಂಟು ಸಿಗಲಿಲ್ಲ. ಕೊಟ್ರೇಶ ಸವರಿದ, ತನ್ನ ಗಾಡಿಯನ್ನೊಮ್ಮೆ ನೋಡಿದ, ಮತ್ತೆ ಸವರಿದ. ನಗು ನಿಂತಿತ್ತು.

"ನನಗೂ ಇಂಥಾದ ಒಂದು ಮಾಡಿಕೊಡತೀರೇನ್ರಿ?" ಎಂದ. ಏಕವಚನ ಬಹುವಚನವಾಗಿತ್ತು.

ತಿರಕಪ್ಪ ಮೆಟ್ಟಿಲ ಮೇಲೆ ಬಾಯಿ ತೆರೆದು ನಿಂತಿದ್ದ. "ಮಾವಾ, ಹುಡುಗಿಗೆ ಬಾಯಿಲ್ಲ ಅಂದಿದ್ರೆಲ್ಲ! ಇಂಥಾ ಬಾಯಿ ಈ ಪೇಟ್ಯಾಗ ಯಾರಿಗೈತ್ರಿ? ನಾಳಿಂದನ ಕಳಸ್ರಿ!"

ಕಾಂಚನಾಳ ಮುಖ ಸುಣ್ಣವಾಯಿತು. ಹೆಲ್ಮೆಟ್ ಹಾಕಿಕೊಂಡು ಗಾಡಿ ಒದ್ದಳು.

ಬಂಕಿನಲ್ಲಿ ಟಾಕಿ ತುಂಬ ಪೆಟ್ರೋಲ್ ಹಾಕಿಸಿದಳು. ತುಂಬಿದ ಟಾಕಿಗೆ ಏರೇನು, ಇಳಿಜಾರೇನು? ಗಾಡಿ ಎಲ್ಲೂ ನಿಲ್ಲಲಿಲ್ಲ. ತೊಂದರೆ ಹಿಂದಿನ ಸೀಟಿನಲ್ಲಿತ್ತು. ಎರಡು ಚಹಾ.

"ಕಾಂಚೀ, ಎರಡ ನಿಮಿಷ ನಿಂದರ್ಸವಾ."

"ಕಾಲು ನೆಲಕ್ಕ ತಾಗತೈತಿ, ಅಪ್ಪಾ."

"ತಾಗದಂಗ ಆಗೂ ಕೆಲಸಲ್ಲ ಅದು!"

"ಹಂಗಾರ ಗುಂಡಿ ನಂದು ಅಂತ ಒಪ್ಪಿಕೋ, ನಿಲ್ಲಸ್ತೇನಿ."

ವಿರೂಪಾಕ್ಷಪ್ಪ ಹಲ್ಲು ಕಚ್ಚಿದ. ಹಟ ಈ ಮಗಳಿಗೆ ಎಲ್ಲಿಂದ ಬಂತೆಂದು ಯಾರೂ ಕೇಳಬೇಕಾಗಿರಲಿಲ್ಲ. ಆತ ಒಪ್ಪಲೂ ಇಲ್ಲ, ಇಳಿಯಲೂ ಇಲ್ಲ. ಬೆಟಗೇರಿಯ ಮನೆಯ ಹೊಸ್ತಿಲಲ್ಲಿ ಗಾಡಿ ನಿಲ್ಲುವ ಮೊದಲೇ ಹಾರಿ, ಆರತಿ ಹಿಡಿದು ನಿಂತಿದ್ದ ಶಾರದವ್ವನನ್ನು ದಾಟಿ, ಹಿತ್ತಲಿಗೆ ಬಾಣದಂತೆ ಹೋದ. ಹೋಗುತ್ತಲೇ ಕೂಗಿದ: "ಗುಂಡಿ ನಿಂದ! ಮುಗೀತು!"

ಕಾಂಚನಾ ಗುಂಡಿಗಿಳಿದು ಕಣ್ಣು ಮುಚ್ಚಿದಳು. ಇನ್ನು ಈ ಜನ್ಮದಲ್ಲಿ ಯಾರೊಂದಿಗೂ ಮಾತಿಲ್ಲ.

ಮರುದಿನ ಬೆಳಗ್ಗೆ ಕಣ್ಣು ತೆರೆದರೆ ಗುಂಡಿಯ ಅಂಚಿಗೆ ಹನ್ನೊಂದು ಜೊತೆ ಕಾಲು. ಕೊಟ್ರೇಶ, ಅವನ ಗೆಳೆಯರು, ಶಿರಹಟ್ಟಿಯವರಿಬ್ಬರು, ಮುಂಡರಗಿಯಿಂದ ಮೊದಲ ಬಸ್ಸಿಗೆ ಬಂದ ಒಬ್ಬ. "ಆ ಮೀನಿನ ಮಾತು ಮತ್ತೊಮ್ಮೆ ಹೇಳ್ರಿ" ಎಂದರು. ಹೇಳಿದಳು. ಓಣಿಯ ಕಟ್ಟೆಯವರೂ ಬಂದು ಕೂತರು. ಶಾರದವ್ವ ಚಹಾ ಸೋಸಿ ಸೋಸಿ ಸುಸ್ತಾದಳು.

ಕೊಟ್ರೇಶನ ಟಾಕಿಗೆ ಮೊದಲು ಕೈ ಹಚ್ಚಿದಳು. ಜೀವಮಾನದಲ್ಲಿ ಎಂದೂ ಬೇಕೆಂದು ತಪ್ಪು ಮಾಡದವಳು ಈಗ ಆ ತಪ್ಪನ್ನು ಚಾಚೂ ತಪ್ಪದೆ ಮಾಡಬೇಕಾಗಿತ್ತು. ನೋಟುಬುಕ್ಕು ತೆರೆದು ತಪ್ಪಿನ ಪಟ್ಟಿ ಬರೆದಳು. ಈ ಸಲ ಏಳು ಸಲ ಅಳೆದಳು. ಅನುಮಾನ ಬಂದು ಕಾಗದವನ್ನು ಕನ್ನಡಿಯಲ್ಲಿ ಹಿಡಿದು ನೋಡಿ, ಒಮ್ಮೆ ಮಗುಚಿ ಹಾಕಿದಳು. ಇಪ್ಪತ್ತೈದನೆಯ ದಿನ ಟಾಕಿ ಸಿದ್ಧವಾಯಿತು. ಕೂಡಿಸಿ ನೋಡಿದರೆ ಹೆಗಲು ಮುಂದೆ, ನಡು ಹಿಂದೆ, ನಳ ಎಡಕ್ಕೆ. ಎಲ್ಲವೂ ಎಲ್ಲಿರಬೇಕೋ ಅಲ್ಲಿ.

ಕೊಟ್ರೇಶನ ಮುಖ ಬಾಡಿತು. "ಇದೇನ್ರಿ, ನೆಟ್ಟಗ ಐತೆಲ್ಲ! ಇಂಥಾದು ಕಂಪನಿಯವ್ರ ಮಾಡತಾರ. ನನಗ ಇದು ಬ್ಯಾಡ್ರಿ" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ಒಂದು ಗಂಟಿಲ್ಲದ, ಒಂದು ತ್ಯಾಪಿಯಿಲ್ಲದ ಟಾಕಿ! ಸರಿಯಾಗಿದೆ ಎನ್ನುವ ಒಂದೇ ತಪ್ಪಿಗೆ! ಕಾಂಚನಾ ಒಂದೇ ನೆಗೆತಕ್ಕೆ ಗುಂಡಿಯಿಂದ ಮೇಲೆ ಬಂದಳು. ಪಡಸಾಲೆ ದಾಟಿದಳು. ಹಿತ್ತಲ ಬಾಗಿಲು ನೆನಪಾಗಲಿಲ್ಲ. ಮುಂಬಾಗಿಲ ಹೊಚ್ಚಲ ಮೇಲೆ ನಿಂತು, ಓಣಿಯ ತುದಿಗೆ ಹೋಗಿದ್ದವನಿಗೆ ಕೇಳುವಂತೆ, ಕೈ ಬೀಸಿ ಕೂಗಿದಳು:

"ಬರ್ರಿ ಅಣ್ಣಾರ, ಒಳಗ ಬರ್ರಿ, ಕುಂಡ್ರಿ! ನೋಡಾಕೇನ್ ರೊಕ್ಕ ಬೀಳೂದಿಲ್ರೀ!"

ಒಳಗೆ ಅಪ್ಪನ ಮಗ್ಗ ಗಕ್ಕನೆ ನಿಂತಿತು. ಶಾರದವ್ವನ ಕೈಯಲ್ಲಿ ರೊಟ್ಟಿ ನಿಂತಿತು. ಎಲೆ ಮಡಚುತ್ತಿದ್ದ ಚೌಡವ್ವ ಮಾತ್ರ ತಲೆ ಎತ್ತದೆ, "ತಿರಕಪ್ಪ ಬಂದಾನೇನ, ಕಾಂಚೀ?" ಎಂದಳು.

"ಇಲ್ಲ. ನಾನ ಕರದೆ" ಎಂದಳು ಕಾಂಚನಾ, ಹೊಚ್ಚಲ ಮೇಲಿಂದ ಇಳಿಯದೆ. "ಏನೀಗ?"

ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ಆಗಲೇ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು.